ಕಮಲಾಪುರದ ಕ್ಯಾಮೆರಾ, ಕಲಬುರಗಿಯ ಚಾಚಾ

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ ಒಂದು ಗಂಟೆ. ಮೇ ತಿಂಗಳು. ಬಿಸಿಲು ಅಂದರೆ ಬಿಸಿಲಲ್ಲ ಸ್ವಾಮಿ, ಸ್ಟುಡಿಯೋದ ಆರ್ಕ್ ಲೈಟುಗಳನ್ನೆಲ್ಲಾ ಒಟ್ಟಿಗೆ ತಂದು ಮುಖಕ್ಕೆ ಹಿಡಿದ ಹಾಗೆ! ನನ್ನ ಹೆಗಲಲ್ಲಿ ಒಂದು ಚೀಲ. ಚೀಲದಲ್ಲಿ ಟವೆಲ್ಲು ಸುತ್ತಿದ ಕ್ಯಾಮೆರಾ. ಕ್ಯಾಮೆರಾದಲ್ಲಿ ಒಂದು ಫಿಲ್ಮ್ ರೋಲು. ರೋಲಿನಲ್ಲಿ ತೀರಿಕೊಂಡ ನಮ್ಮ ಭಾವ!

ಪತ್ತೇದಾರಿ ಕಥೆ ಅಂದುಕೊಳ್ಳಬೇಡಿ. ನಡೆದದ್ದನ್ನೇ ಹೇಳುತ್ತೇನೆ, ಕೇಳಿ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ್ ಕ್ರಾಸ್ ದಾಟಿ, ೩೫-೪೦ ಕಿಲೋಮೀಟರ್ ಹೋದರೆ ಕಮಲಾಪುರ. ದಾರಿಯುದ್ದಕ್ಕೂ ತೊಗರಿ ಬೆಳೆಯುವ ಕಪ್ಪು ನೆಲ. ಬೇಸಿಗೆಯಲ್ಲಿ ಆ ನೆಲ ಬಾಯಿಬಿಟ್ಟುಕೊಂಡು ಮಲಗಿರುತ್ತದೆ. ಹಾಗೆ ನೋಡುತ್ತ ನೋಡುತ್ತ ಹೋಗುವಾಗ ಒಮ್ಮೆಲೇ ಬಾಳೆಯ ಹಸಿರು ಕಣ್ಣಿಗೆ ಬೀಳುತ್ತದೆ. ಕಮಲಾಪುರದ ಕೆಂಪು ಬಾಳೆ! ಸಿಪ್ಪೆ ಇಟ್ಟಿಗೆಯಂತೆ ಕೆಂಪು, ಒಳಗೆ ಕೆನೆ ಬಣ್ಣದ ತಿರುಳು. ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಹೆಸರು ಮಾಡಿದ ಹಣ್ಣು. ಗೊನೆ ಕೈಗೆ ಬರಬೇಕಾದರೆ ಸುಮಾರು ಹದಿನೆಂಟು ತಿಂಗಳು ಕಾಯಬೇಕು. ಆದ್ದರಿಂದಲೇ ಬೆಲೆಯೂ ಕೆಂಪು. ೨೦೧೭ರಲ್ಲಿ ಬೀದರ್-ಕಲಬುರಗಿ ರೈಲು ಬಂದ ಮೇಲೆ ಕಮಲಾಪುರಕ್ಕೆ ರೈಲು ನಿಲ್ದಾಣವೂ ಇದೆ. ನಾನು ಮಾತ್ರ ಬಸ್ಸಿನವನು. ಕಿಟಕಿ ಪಕ್ಕದ ಸೀಟು, ಕೈಯಲ್ಲೊಂದು ಸಿನಿಮಾ ಪತ್ರಿಕೆ, ಇಷ್ಟಿದ್ದರೆ ಯಾವ ರೈಲು ಬೇಕು?

ಆ ಊರಿಗೆ ನಮ್ಮ ದೊಡ್ಡಪ್ಪನ ಮಗಳನ್ನು ಕೊಟ್ಟಿತ್ತು. ಭಾವ ಫೋಟೋಗ್ರಾಫರ್. ಒಂದೇ ಕೋಣೆಯ ಸ್ಟುಡಿಯೋ. ಹಿಂದೆ ವಿಧಾನಸೌಧ ಬರೆದ ಪರದೆ, ಮುಂದೆ ಒಂದು ಮರದ ಕುರ್ಚಿ, ಗೋಡೆಗೆ ಬಾಚಣಿಗೆ ಕಟ್ಟಿದ ಕನ್ನಡಿ. ಹುಡುಗರು ಬಂದು ರಾಜಣ್ಣನ ಹಾಗೆ ಕೂದಲು ತೆಗೆದು, ಅಂಬರೀಷ್ ಹಾಗೆ ಕಾಲರ್ ಎತ್ತಿ ನಿಲ್ಲುತ್ತಿದ್ದರು. ಪರೀಕ್ಷೆ ಫಾರ್ಮಿನ ಪಾಸ್‌ಪೋರ್ಟ್ ಸೈಜಿಗೂ ಅದೇ ಗತ್ತು! ಭಾವ ಬೇಸರಪಡದೆ ಎಲ್ಲರನ್ನೂ ಹೀರೋ ಮಾಡಿ ಕಳಿಸುತ್ತಿದ್ದರು.

ಊರಿನ ಅರ್ಧ ಜನರ ಮುಖ ಅವರ ಡಬ್ಬಿಗಳಲ್ಲಿ ನೆಗೆಟಿವ್ ಆಗಿ ಉಳಿದಿದೆ. ಆದರೆ ಭಾವನದೇ ಒಂದು ನೆಟ್ಟಗಿನ ಫೋಟೋ ಮನೆಯಲ್ಲಿಲ್ಲ. ಗೋಡೆಯ ಮೇಲಿರುವುದು ಯಾವುದೋ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಮುಖ. ಕಿವಿಯ ಮೇಲೆ ಸರಕಾರಿ ಮೊಹರಿನ ಅರ್ಧ ಚಕ್ರ ಇನ್ನೂ ಕಾಣುತ್ತದೆ.

ಈ ಸಲ ಹೋದಾಗ ಅಕ್ಕ ಅಲ್ಮೇರಾದಿಂದ ಒಂದು ಚರ್ಮದ ಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟಳು. ಯಾಶಿಕಾ ಮ್ಯಾಟ್ ೧೨೪ ಜಿ. ಹಳೆಯ ಸ್ಟುಡಿಯೋದವರಿಗೆ ಈ ಹೆಸರು ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಜಪಾನಿನಲ್ಲಿ ೧೯೭೦ರಿಂದ ೧೯೮೬ರವರೆಗೆ ತಯಾರಾದ ಜೋಡಿ ಕಣ್ಣಿನ ಕ್ಯಾಮೆರಾ. ಮೇಲಿನ ಕಣ್ಣು ನಾವು ನೋಡುವುದಕ್ಕೆ, ಕೆಳಗಿನದು ಫಿಲ್ಮಿಗೆ. ಹೊಟ್ಟೆಯ ಹತ್ತಿರ ಹಿಡಿದುಕೊಂಡು, ಬಾವಿ ಇಣುಕಿದ ಹಾಗೆ ಮೇಲಿನಿಂದ ಬಗ್ಗಿ ನೋಡಬೇಕು. ಒಳಗೆ ಕಾಣುವ ಚಿತ್ರದಲ್ಲಿ ಎಡ ಬಲವಾಗಿರುತ್ತದೆ, ಬಲ ಎಡವಾಗಿರುತ್ತದೆ. ೧೨೦ ಸೈಜಿನ ರೋಲಿಗೆ ೧೨ ಚೌಕ ಫೋಟೋ.

"ಇದರಾಗ ಒಂದು ರೀಲ್ ಅದ ತಮ್ಮಾ. ಅರ್ಧಾ ತೆಗದದ್ದು. ಅದರಾಗ ಅವರ ಫೋಟೋ ಅದ. ನಾನ ತೆಗದದ್ದು" ಅಂದಳು ಅಕ್ಕ.

೧೯೯೫ರ ಡಿಸೆಂಬರ್, ಎಳ್ಳಮಾವಾಸ್ಯೆ. ಆ ಸೀಮೆಯಲ್ಲಿ ಅದು ದೊಡ್ಡ ಹಬ್ಬ. ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಲ್ಲೇ ಕೂತು ಊಟ ಮಾಡಿ ಬರುತ್ತದೆ. ಅಂದು ಬಾಳೆ ತೋಟದಲ್ಲಿ ಭಾವ ಕ್ಯಾಮೆರಾವನ್ನು ಅಕ್ಕನ ಕೈಗೆ ಕೊಟ್ಟು, ಎಲ್ಲಿ ನೋಡಬೇಕು, ಎಲ್ಲಿ ಒತ್ತಬೇಕು ಎಂದು ತೋರಿಸಿಕೊಟ್ಟರಂತೆ. ಅಕ್ಕ ಒತ್ತಿದಳು. ಜೀವನದಲ್ಲಿ ಅವಳು ತೆಗೆದ ಒಂದೇ ಫೋಟೋ, ಏಳನೆಯದು. ಆಮೇಲೆ ಭಾವನಿಗೆ ಇಬ್ಬರೂ ಒಟ್ಟಿಗೆ ನಿಲ್ಲೋಣ ಅನ್ನಿಸಿತು. ಕ್ಯಾಮೆರಾವನ್ನು ಬದುವಿನ ಮೇಲಿಟ್ಟು, ತಾನೇ ಒತ್ತಿಕೊಳ್ಳುವ ಸೆಲ್ಫ್ ಟೈಮರ್ ಹಚ್ಚಿ ಓಡಿಬಂದು ಅಕ್ಕನ ಪಕ್ಕ ನಿಂತರು. 'ಗುರ್ರ್...' ಎಂದು ಸದ್ದು ಬಂತು. ನಿಂತುಹೋಯಿತು. ಅಷ್ಟೇ! ಆಮೇಲೆ ಹ್ಯಾಂಡಲ್ ತಿರುಗಲಿಲ್ಲ, ಗುಂಡಿ ಒತ್ತಿದರೆ ಉತ್ತರವಿಲ್ಲ.

"ನಾ ಕೈ ಹಚ್ಚಿದ ಮ್ಯಾಲ ಕೆಟ್ಟದ ನೋಡು. ಅದಕ್ಕ ಮುಂಚೆ ಛಲೋ ಇತ್ತು. ಅವರು 'ಹೋಗಲಿ ಬಿಡು' ಅಂದ್ರು. ಅಷ್ಟ. ಬೈದಿದ್ರ ಛಲೋ ಆಗ್ತಿತ್ತು."

ಮುಂದಿನ ಬೇಸಿಗೆಯಲ್ಲಿ ಭಾವ ಹೋಗಿಬಿಟ್ಟರು. ಕ್ಯಾಮೆರಾ ಅಲ್ಮೇರಾ ಸೇರಿತು. ಸುಮಾರು ಮೂವತ್ತು ವರ್ಷ ಅಕ್ಕ ಆ ಪೆಟ್ಟಿಗೆಗೆ ದಸರೆಯ ದಿನ ಕುಂಕುಮ ಹಚ್ಚಿದ್ದಾಳೆಯೇ ಹೊರತು ಮುಚ್ಚಳ ತೆಗೆದಿಲ್ಲ.

ನಾನು ಒಂದಿಷ್ಟು ಬಲ್ಲವನಂತೆ ಅಲ್ಲೇ ಪರೀಕ್ಷೆ ಮಾಡಿದೆ. ಈ ಕ್ಯಾಮೆರಾದಲ್ಲಿ ಒತ್ತುವ ಗುಂಡಿಯ ಸುತ್ತ ಒಂದು ಉಂಗುರವಿರುತ್ತದೆ, ಅದು ಬೀಗ. ಎಷ್ಟೋ ಸಲ ಕ್ಯಾಮೆರಾ ಕೆಟ್ಟಿರುವುದಿಲ್ಲ, ಬೀಗ ಬಿದ್ದಿರುತ್ತದೆ! ನೋಡಿದೆ, ಬಿದ್ದಿರಲಿಲ್ಲ. ಹ್ಯಾಂಡಲನ್ನು ಮುಂದಕ್ಕೆ ಪೂರ್ತಿ ತಿರುಗಿಸಿ ಮತ್ತೆ ಹಿಂದಕ್ಕೆ ತರಬೇಕು. ಹಿಂದಕ್ಕೆ ತರುವುದನ್ನು ಮರೆತರೂ ಎಲ್ಲ ನಿಂತಂತೆ ಕಾಣುತ್ತದೆ. ಅದೂ ಸರಿಯಾಗಿತ್ತು. ಇನ್ನು ನನ್ನ ವಿದ್ಯೆ ಮುಗಿಯಿತು. ಬೆರಳಿಗೆ ಸ್ವಲ್ಪ ಜೋರು ಕೊಟ್ಟು ತಿರುಗಿಸೋಣ ಅನ್ನಿಸಿದ್ದು ಸುಳ್ಳಲ್ಲ. ಸದ್ಯ, ತಿರುಗಿಸಲಿಲ್ಲ.

ಹೀಗೆ ಕಲಬುರಗಿಗೆ ಬಂದೆ. ಸೂಪರ್ ಮಾರ್ಕೆಟ್ ಹತ್ತಿರ ಒಂದು ಅಂಗಡಿಗೆ ಹೋದೆ. ಡ್ರೋನು, ಆಲ್ಬಮ್ಮು, ಮದುವೆ ವಿಡಿಯೋ ಎಂದೆಲ್ಲ ಬೋರ್ಡಿತ್ತು. ಅಲ್ಲಿದ್ದ ಹುಡುಗ ಕ್ಯಾಮೆರಾ ನೋಡಿ, "ವಾವ್, ಶೋಪೀಸ್!" ಅಂದ. ಅಷ್ಟಾಗಿದ್ದರೆ ಚಿಂತೆ ಇರಲಿಲ್ಲ. "ತೆಗದು ನೋಡೂಣ್ರಿ ಸರ್" ಎಂದು ಹಿಂದಿನ ಮುಚ್ಚಳಕ್ಕೇ ಕೈ ಹಾಕಿದ! ನಾನು ಕೂಗಿದ ಕೂಗಿಗೆ ರಸ್ತೆಯ ಮೇಲೆ ಹೋಗುವವರು ನಿಂತರು. ಮುಚ್ಚಳ ಒಂದು ಕ್ಷಣ ತೆರೆದಿದ್ದರೆ ಮೂವತ್ತು ವರ್ಷ ಕತ್ತಲಲ್ಲಿ ಕೂತಿದ್ದ ಭಾವ ಹಗಲಲ್ಲಿ ಕರಗಿ ಹೋಗುತ್ತಿದ್ದರು. ಹುಡುಗನದು ತಪ್ಪಲ್ಲ ಬಿಡಿ. ಅವನು ಹುಟ್ಟುವ ಹೊತ್ತಿಗೆ ಫಿಲ್ಮಿನ ಕಾಲ ಸಂಜೆಯಾಗಿತ್ತು. ನಾನು ಕೂಗಿದ್ದಕ್ಕೆ ಅವನೇ ಬೇಜಾರಿಲ್ಲದೆ ವಿಳಾಸ ಕೊಟ್ಟ: "ದರ್ಗಾ ಕಡಿ ಒಬ್ಬರು ಚಾಚಾ ಇದ್ದಾರ್ರಿ. ವಾಚ್ ರಿಪೇರಿ. ಅವರ ಹತ್ತಿರ ಹೋಗ್ರಿ."

ಖ್ವಾಜಾ ಬಂದಾ ನವಾಜರ ದರ್ಗಾದ ಕಡೆ ಹೋಗುವ ರಸ್ತೆಯಿಂದ ಒಳಗೆ ಒಂದು ಗಲ್ಲಿ. ಬೋರ್ಡಿಲ್ಲದ ಅಂಗಡಿ. ಅಂಗಡಿಯೆಂದರೆ ಒಂದು ಮೇಜು, ಒಂದು ಟೇಬಲ್ ಫ್ಯಾನು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ಮತ್ತು ಅದರ ಹಿಂದೆ ಚಾಚಾ. ಎಪ್ಪತ್ತು ದಾಟಿದ ಮನುಷ್ಯ. ಹಿಂದೆ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಕಾರ್ಬನ್ ಕಡ್ಡಿ ಉರಿಸಿ ಸಿನಿಮಾ ತೋರಿಸುತ್ತಿದ್ದ ಕಾಲದವರು. ರೀಲು ಹೋಗಿ ಡಿಜಿಟಲ್ ಬಂದಾಗ ಪ್ರೊಜೆಕ್ಟರನ್ನು ತೂಕಕ್ಕೆ ಹಾಕಿ ಮಾರಿದರಂತೆ. ಅದರೊಳಗಿನ ನಕ್ಷತ್ರದಂಥ ಒಂದು ಚಕ್ರ, ಫಿಲ್ಮನ್ನು ಸೆಕೆಂಡಿಗೆ ೨೪ ಸಲ ಎಳೆದು ನಿಲ್ಲಿಸಿ, ಎಳೆದು ನಿಲ್ಲಿಸಿ ಮಾಡುತ್ತಿದ್ದದ್ದು, ಈಗ ಚಾಚಾನ ಮೇಜಿನ ಮೇಲೆ ಪೇಪರ್ ವೇಟು. "ಹತ್ತ ಸಾವಿರ ಸಲ ರಾಜಕುಮಾರ್‌ನ್ನ ಕುಣಿಸ್ಯಾದ್ರಿ ಇದು" ಎಂದು ಅದನ್ನು ನನ್ನ ಕೈಗೆ ಕೊಟ್ಟರು. ತೂಕವಾಗಿತ್ತು.

"ಕುಂದರ್ರಿ ಸಾಹೇಬ್ರ. ಮೊದಲ ನೀರ ಕುಡೀರಿ. ಜೋರ್ ಮಾಡಿಲ್ಲಲ್ಲ?"

"ಇಲ್ಲ ಚಾಚಾ."

"ಹಂಗಾದ್ರ ಅರ್ಧಾ ರಿಪೇರಿ ಆದಂಗ."

ಚಾಚಾ ಕ್ಯಾಮೆರಾವನ್ನು ಬಿಚ್ಚಲಿಲ್ಲ. ಕಿವಿಗೆ ಹಿಡಿದು ಅಲ್ಲಾಡಿಸಿದರು. ಆಮೇಲೆ "ತೆಗದವರಿಗೆ ಫೋನ್ ಹಚ್ಚರಿ" ಅಂದರು! ನಾನು ಅಕ್ಕನಿಗೆ ಹಚ್ಚಿ ಕೊಟ್ಟೆ.

"ತಾಯೀ, ಗುರ್ ಅಂತ ಸಪ್ಪಳ ಬಂತೇನ್ರಿ? ಎಷ್ಟೊತ್ತು ಬಂತು?"

"ನಾಕೈದು ಎಣಿಸೋದ್ರಾಗ ನಿಂತಬಿಡ್ತರಿ" ಎಂಬ ಉತ್ತರ ನನಗೂ ಕೇಳಿಸಿತು.

"ಹತ್ತು ಎಣಿಸಬೇಕಾಗಿತ್ತು. ನಡು ದಾರ್ಯಾಗ ನಿಂತದ" ಎಂದು ಚಾಚಾ ಫೋನ್ ಇಟ್ಟರು. ಲೆನ್ಸಿನ ಪಕ್ಕದ ಸಣ್ಣ ಕಡ್ಡಿಯನ್ನು ತೋರಿಸಿದರು. ಅದು 'ವಿ' ಅಕ್ಷರದ ಹತ್ತಿರ ನಿಂತಿತ್ತು. ವಿ ಅಂದರೆ ಜರ್ಮನ್ ಭಾಷೆಯ 'ಫೋರ್‌ಲಾಫ್‌ವೆರ್ಕ್', ಸೆಲ್ಫ್ ಟೈಮರ್. ಷಟರ್ ಏರಿ ಕೂತಿದೆ, ಟೈಮರ್ ಅದನ್ನು ಬಿಡಬೇಕು, ಟೈಮರೇ ಅರ್ಧದಲ್ಲಿ ನಿದ್ದೆ ಹೋಗಿದೆ. ಷಟರ್ ಹೊಡೆಯದೆ ಹ್ಯಾಂಡಲ್ ತಿರುಗುವುದಿಲ್ಲ. ಕ್ಯಾಮೆರಾ ಕೆಟ್ಟಿಲ್ಲ, ಕಾಯುತ್ತಿದೆ! ಹಳೆಯ ಕ್ಯಾಮೆರಾ ಯಾವುದೇ ಇರಲಿ, ಎಲ್ಲಕ್ಕಿಂತ ಮೊದಲು ಕೈಕೊಡುವುದು ಈ ಟೈಮರ್ ಎಂದು ಚಾಚಾನ ಅನುಭವ. ಹಳೇ ಕ್ಯಾಮೆರಾ ಕೊಂಡವರು ಮೊದಲು ಮುಟ್ಟಿ ನೋಡುವುದೂ ಅದನ್ನೇ. ನೀವು ಕೊಂಡರೆ ಮುಟ್ಟಬೇಡಿ.

ಆದರೆ ಮೊದಲು ಫಿಲ್ಮ್ ಹೊರಗೆ ಬರಬೇಕು. ಚಾಚಾ ಗೂಟದಿಂದ ಒಂದು ಕರಿ ಚೀಲ ತೆಗೆದರು. ಎರಡು ತೋಳಿದ್ದ ಚೀಲ. ನನಗೆ ಷೂಟಿಂಗ್ ಜಾಗ ನೆನಪಾಯಿತು. ಹೀರೋಯಿನ್ ಸುತ್ತ ಜನ ಸೇರಿದ್ದರೆ, ಒಂದು ಮೂಲೆಯಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಹುಡುಗ ಇಂಥದೇ ಚೀಲದೊಳಗೆ ಎರಡು ಕೈ ತೂರಿಸಿ, ಮುಖ ಮೇಲೆತ್ತಿ, ದೇವರ ಧ್ಯಾನದಲ್ಲಿದ್ದಂತೆ ಮ್ಯಾಗಜೀನಿಗೆ ಫಿಲ್ಮ್ ತುಂಬುತ್ತಿರುತ್ತಿದ್ದ. ೪೦೦ ಅಡಿಯ ಆ ರೀಲು ಓಡುತ್ತಿದ್ದದ್ದು ನಾಲ್ಕೂವರೆ ನಿಮಿಷಕ್ಕೂ ಕಡಿಮೆ. ಒಳಗೆ ಫಿಲ್ಮಿನ ಸುತ್ತು ಒಂದಿಷ್ಟು ಬಿಗಿಯಾದರೆ ಕ್ಯಾಮೆರಾ ಜಾಮ್, ಲಕ್ಷಾಂತರ ರೂಪಾಯಿಯ ಸೆಟ್ಟು ಸ್ತಬ್ಧ! ಶಾಟ್ ಮುಗಿದ ಕೂಡಲೇ ಲೆನ್ಸ್ ತೆಗೆದು ಗೇಟಿನಲ್ಲಿ ಕೂದಲೆಳೆ ಸಿಕ್ಕಿದೆಯೇ ಎಂದು ನೋಡುತ್ತಿದ್ದರು. ಇದ್ದರೆ ಹೀರೋ ಎಷ್ಟೇ ಚೆನ್ನಾಗಿ ಅತ್ತಿರಲಿ, ಮತ್ತೊಮ್ಮೆ ಅಳಬೇಕು. ಆಗಿನ ಆರಿಫ್ಲೆಕ್ಸ್ ೨ ಸಿ ಕ್ಯಾಮೆರಾ ಓಡುವಾಗ ಹೊಲಿಗೆ ಯಂತ್ರದ ಸದ್ದು ಮಾಡುತ್ತಿತ್ತು. ಮಾತನ್ನೆಲ್ಲ ಆಮೇಲೆ ಡಬ್ಬಿಂಗ್ ಮಾಡುತ್ತಿದ್ದುದಕ್ಕೆ ಅದೂ ಒಂದು ಕಾರಣ. ಆರಿಯವರು ಫಿಲ್ಮ್ ಕ್ಯಾಮೆರಾ ತಯಾರಿಕೆಯನ್ನೇ ೨೦೧೧ರ ಹೊತ್ತಿಗೆ ನಿಲ್ಲಿಸಿದರು.

ಚಾಚಾ ಕ್ಯಾಮೆರಾ, ಒಂದು ಕರಿ ಡಬ್ಬಿ ಎರಡನ್ನೂ ಚೀಲದೊಳಗಿಟ್ಟು, ಜಿಪ್ ಎಳೆದು, ಕೈ ತೂರಿಸಿದರು. ಕಣ್ಣು ಮುಚ್ಚಿದರು. ಒಳಗೆ ಮುಚ್ಚಳ ತೆರೆದ ಸದ್ದು. ೧೨೦ ರೋಲಿಗೆ ಹಿಂದೆ ಉದ್ದಕ್ಕೂ ಕರಿ ಕಾಗದವಿರುತ್ತದೆ. ಆ ಕಾಗದ ಸಡಿಲಾಗದ ಹಾಗೆ ಬೆರಳಲ್ಲೇ ಸುತ್ತಿಕೊಂಡು ತರಬೇಕು. ಐದಾರು ನಿಮಿಷ ಅವರು ಮಾತಾಡಲಿಲ್ಲ. ನಾನಂತೂ ಉಸಿರೇ ಆಡಲಿಲ್ಲ. ಕೊನೆಗೆ ಡಬ್ಬಿಯ ಮುಚ್ಚಳ ಬಿಗಿದ ಸದ್ದು ಬಂತು. "ಬಂತ್ರಿ. ಅಂಟಿಲ್ಲ. ಪುಣ್ಯ ಮಾಡ್ಯಾರ" ಅಂದರು.

ಆಮೇಲೆ ಆಪರೇಷನ್. ಮುಂಭಾಗದ ಕರಿ ಹೊದಿಕೆಯ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ, ಕೆಳಗಿನ ಸ್ಕ್ರೂಗಳನ್ನು ನೋಡಿದವರೇ ಚಾಚಾ ಕೈ ತಡೆದರು. ಭೂತಗನ್ನಡಿಯನ್ನು ನನಗೆ ಕೊಟ್ಟು, "ನೋಡ್ರಿ" ಅಂದರು. ಒಂದು ಸ್ಕ್ರೂವಿನ ತಲೆ ಗೀರಿಹೋಗಿತ್ತು.

"ಇದನ್ನ ಮೊದಲ ಯಾರೋ ಬಿಚ್ಯಾರ."

ಲೆನ್ಸ್ ತಿರುಚಿ ತೆಗೆದು, ಷಟರಿನ ಮೇಲಿನ ತಗಡು ಎತ್ತಿದರು. ಒಳಗೆ ಇಡೀ ಒಂದು ಗಡಿಯಾರವೇ ಇದೆ ಸ್ವಾಮಿ! ಸಾಸಿವೆಯಷ್ಟು ಚಕ್ರಗಳು, ಕೂದಲೆಳೆಯಂಥ ಸ್ಪ್ರಿಂಗುಗಳು. ಟೈಮರಿನ ಚಕ್ರಗಳ ಮೇಲೆ ಜೇನಿನ ಬಣ್ಣದ ಒಣಗಿದ ಅಂಟು ಕಾಣಿಸಿತು. ಚಾಚಾ ಸೂಜಿಯಿಂದ ಕೆರೆದು ಮೂಗಿನ ಹತ್ತಿರ ಹಿಡಿದರು.

"ಎಣ್ಣಿ. ಮಿಷನ್ ಎಣ್ಣಿ."

ಇಲ್ಲಿ ಚಾಚಾ ಸ್ವಲ್ಪ ಹೊತ್ತು ಭಾಷಣ ಮಾಡಿದರು, ಅದನ್ನು ನಿಮಗೂ ದಾಟಿಸಬೇಕು. ಕ್ಯಾಮೆರಾ ನಿಧಾನವಾಯಿತು ಎಂದರೆ ಎಲ್ಲರ ಕೈ ಎಣ್ಣೆ ಡಬ್ಬಿಗೆ ಹೋಗುತ್ತದೆ. ಅದೇ ವಿಷ. ಷಟರಿನ ಎಲೆಗಳು ಒಣಗಿದ್ದರೇ ಸರಸರ ಓಡುವುದು. ಹೊಲಿಗೆ ಯಂತ್ರಕ್ಕೆ ದಿನಾ ಹೊಸ ಎಣ್ಣೆ ಬೀಳುತ್ತದೆ, ಹಳೆಯದು ಹೊರಗೆ ಬರುತ್ತದೆ. ಕ್ಯಾಮೆರಾದೊಳಗೆ ಬಿದ್ದದ್ದು ಅಲ್ಲೇ ಕೂತು ಧೂಳು ಕುಡಿಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ೪೨-೪೩ ಡಿಗ್ರಿಗೆ ನೀರಾಗಿ ಹರಡುತ್ತದೆ, ಡಿಸೆಂಬರಿನ ಚಳಿಗೆ ಗೋಂದಾಗಿ ಹಿಡಿಯುತ್ತದೆ. ಕರಾವಳಿಯವರ ಕ್ಯಾಮೆರಾಗಳಿಗೆ ಲೆನ್ಸಿನಲ್ಲಿ ಬೂಷ್ಟು ಹಿಡಿಯುವ ರೋಗ. ಈ ಒಣ ಸೀಮೆಯಲ್ಲಿ ಬೂಷ್ಟು ಕಡಿಮೆ, ಧೂಳು ಮತ್ತು ಒಣಗಿದ ಗ್ರೀಸೇ ಶತ್ರು. ಕಪಾಟಿನಿಂದ ಒಂದು ಹಳೇ ಮಡಚುವ ಆಗ್ಫಾ ಐಸೊಲೆಟ್ ತೆಗೆದು ತೋರಿಸಿದರು: ಹಸಿರು ಗ್ರೀಸು ಕಲ್ಲಾಗಿ, ಫೋಕಸ್ ಉಂಗುರ ತಿರುಗುವುದೇ ಇಲ್ಲ. ಅದರ ಮಡಿಕೆ ಚೀಲದೊಳಗೆ ಟಾರ್ಚ್ ಬಿಟ್ಟು ಕತ್ತಲಲ್ಲಿ ಹಿಡಿದರೆ ಚುಕ್ಕೆ ಚುಕ್ಕೆ ಬೆಳಕು, ಆಕಾಶದ ಹಾಗೆ! ಇನ್ನೊಂದು ಪೆಂಟ್ಯಾಕ್ಸ್ ಕೆ ೧೦೦೦. ಅದರ ಹಿಂಬಾಗಿಲಿನ ಸಂದಿಯ ಸ್ಪಂಜು ಕರಗಿ ಡಾಂಬರಾಗಿತ್ತು. ಚಾಚಾ ಅದನ್ನೆಲ್ಲ ಒರೆಸಿ ತೆಗೆದು ಕರಿ ಉಣ್ಣೆ ದಾರ ಅಂಟಿಸುತ್ತಿದ್ದರು.

ನಮ್ಮ ಯಾಶಿಕಾಕ್ಕೆ ಹಾಕಿದ್ದು ಲೈಟರಿಗೆ ಹಾಕುವ ವೈಟ್ ಪೆಟ್ರೋಲ್, ಅದೂ ಸೂಜಿಯ ತುದಿಯಲ್ಲಿ ನಿಂತಷ್ಟು. ಒಂದು ಹನಿ, ಅರ್ಧ ಗಂಟೆ ಬಿಡುವುದು, ಹತ್ತಿಯ ಎಳೆಯಿಂದ ಹೀರುವುದು, ಮತ್ತೆ ಒಂದು ಹನಿ. ಜಾಸ್ತಿ ಸುರಿದರೆ ಕೊಳೆ ತೇಲಿ ಹೋಗಿ ಷಟರಿನ ಎಲೆಗಳ ಮೇಲೆ ಕೂರುತ್ತದಂತೆ. ನಡುವೆ ಸುಸಲಾ, ಮಿರ್ಚಿ ಭಜಿ ಬಂತು, ಎರಡು ಸಲ ಚಹಾ ಬಂತು. ಬ್ಯಾಟರಿ ಜಾಗದ ಹಸಿರು ಕಿಲುಬನ್ನು ವಿನೆಗರ್ ಹಚ್ಚಿದ ಹತ್ತಿಯಿಂದ ಒರೆಸಿದ್ದಾಯಿತು. ಆದರೆ ಅದಕ್ಕೆ ಹಾಕುತ್ತಿದ್ದ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. ಈಗಿನ ಒಂದೂವರೆ ವೋಲ್ಟಿನದು ಹಾಕಿದರೆ ಮೀಟರು ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸಿ ಫೋಟೋ ಕಪ್ಪಾಗುತ್ತದೆ. "ಮೀಟರ್ ಯಾಕ ಬೇಕ್ರಿ? ನಮ್ಮ ಬಿಸಲಿಗೆ ೧೬ರ ಮ್ಯಾಲ ಇಡ್ರಿ, ೧೨೫ರ ಸ್ಪೀಡ್ ಇಡ್ರಿ, ಒತ್ತರಿ" ಅಂದರು ಚಾಚಾ. ೧೦೦ರ ಫಿಲ್ಮಿಗೆ ಅದೇ ಲೆಕ್ಕ, ಜಗತ್ತಿನಲ್ಲೆಲ್ಲಾ.

ಸಂಜೆ ಐದರ ಸುಮಾರಿಗೆ, ಯಾರೂ ಮುಟ್ಟದೆ ಇದ್ದಾಗ, ಮೇಜಿನ ಮೇಲಿಂದ 'ಗುರ್ರ್...' ಎಂದು ಸದ್ದು ಬಂತು. ಎಳ್ಳಮಾವಾಸ್ಯೆಯ ದಿನ ನಾಲ್ಕೈದಕ್ಕೆ ನಿಂತ ಎಣಿಕೆ ಮುಂದುವರಿಯಿತು. ಐದು, ಆರು, ಏಳು... 'ಟಿಕ್!' ಷಟರ್ ಹೊಡೆಯಿತು. ಚಾಚಾ ಚಹಾದ ಬಟ್ಟಲು ಕೆಳಗಿಟ್ಟು "ಸುಭಾನಲ್ಲಾ" ಅಂದರು. ನಾನು ಎದ್ದು ನಿಂತಿದ್ದೆ, ಯಾಕೆಂದು ಗೊತ್ತಿಲ್ಲ.

ಸ್ಪೀಡ್ ಸರಿಯಿದೆಯೇ ನೋಡಬೇಕಲ್ಲ? ಮೊದಲಾದರೆ ಚಾಚಾ ಹಳೇ ಡಬ್ಬಿ ಟೀವಿಯನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಆ ಟೀವಿ ಸೆಕೆಂಡಿಗೆ ೧೫,೬೨೫ ಗೆರೆ ಎಳೆಯುತ್ತದೆ. ಸೆಕೆಂಡಿನ ೧೨೫ನೇ ಒಂದು ಭಾಗ ಷಟರ್ ತೆರೆದರೆ ಫೋಟೋದಲ್ಲ��� ೧೨೫ ಗೆರೆ ಬೆಳಗಿರಬೇಕು. ಲೆಕ್ಕ ಎಷ್ಟು ಚೆಂದ ನೋಡಿ! (ಟೀವಿ ವಿಷಯದಲ್ಲಿ ಈ ಜಿಲ್ಲೆಯನ್ನು ಹಿಂದುಳಿದದ್ದು ಅನ್ನಬೇಡಿ. ೧೯೭೫-೭೬ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸಿದ 'ಸೈಟ್' ಪ್ರಯೋಗದಲ್ಲಿ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳಿದ್ದವು. ಬೆಂಗಳೂರಿಗೆ ದೂರದರ್ಶನ ಬಂದದ್ದು ೧೯೮೧ರಲ್ಲಿ!) ಈಗ ಆ ಟೀವಿಯೂ ಗುಜರಿಗೆ ಹೋಗಿದೆ. ಚಾಚಾನ ಮೊಮ್ಮಗ ಮೊಬೈಲಿನ ಸ್ಲೋಮೋಷನ್‌ನಲ್ಲಿ ಸೆಕೆಂಡಿಗೆ ೨೪೦ ಚಿತ್ರ ತೆಗೆದು, ಷಟರ್ ಎಷ್ಟು ಚಿತ್ರದಲ್ಲಿ ತೆರೆದಿದೆ ಎಂದು ಎಣಿಸಿದ. ೩೦ನೇ ಒಂದು ಭಾಗಕ್ಕೆ ೮ ಬರಬೇಕು, ೯ ಬಂತು. "ಈ ವಯಸ್ಸಿಗೆ ನಡೀತದ" ಎಂದು ಅಜ್ಜ ಸಹಿ ಹಾಕಿದರು.

ರಾತ್ರಿ ಚಾಚಾನ ಮನೆಯ ಬಚ್ಚಲೇ ಡಾರ್ಕ್ ರೂಮು. ರೋಲು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು' ಕಪ್ಪು-ಬಿಳುಪು. ೧೯೬೭ರಲ್ಲಿ ತಯಾರಿಕೆ ಶುರುಮಾಡಿದ ಆ ಸರಕಾರಿ ಕಾರ್ಖಾನೆಯೂ ಈಗ ಮುಚ್ಚಿದೆ. ಡೆವಲಪರ್ ೨೦ ಡಿಗ್ರಿ ಇರಬೇಕು. ನಲ್ಲಿ ನೀರು ಕೈ ಸುಡುತ್ತಿತ್ತು. ಬಿಸಿ ಹೆಚ್ಚಾದರೆ ಫಿಲ್ಮಿನ ಮೇಲಿನ ಜಿಲೆಟಿನ್ ಮೆತ್ತಗಾಗಿ ಸುಕ್ಕು ಬೀಳುತ್ತದೆ. ಅದಕ್ಕೆ ಮಣ್ಣಿನ ಹರವಿಯ ನೀರು, ಮೇಲೆ ಬರ್ಫಿನ ತುಂಡು. ಹಳೇ ಫಿಲ್ಮಿಗೆ ಮುಸುಕು ಕವಿದಿರುತ್ತದೆ, ಅದನ್ನು ತಡೆಯಲು ಚಿಟಿಕೆ ಪೊಟ್ಯಾಸಿಯಂ ಬ್ರೋಮೈಡ್. ಕೆಂಪು ದೀಪವೂ ಹಚ್ಚುವಂತಿಲ್ಲ, ಈ ಫಿಲ್ಮು ಕೆಂಪನ್ನೂ ನೋಡುತ್ತದೆ. ಹೈಪೋದಿಂದ ತೆಗೆದು ತೊಳೆದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿದರು. "ನಾಳಿ ಮುಂಜಾನಿ ಬರ್ರಿ. ಈಗ ನೋಡಬ್ಯಾಡ್ರಿ, ಹಸಿ ಅದ" ಎಂದು ನನ್ನನ್ನು ಹೊರಗೆ ಕಳಿಸಿದರು.

ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಕೋಟೆಗೆ ಹೋದೆ. ಒಳಗೆ ೧೩೬೭ರಲ್ಲಿ ಕಟ್ಟಿದ ಜಾಮಿ ಮಸೀದಿ ಇದೆ. ಸಾಮಾನ್ಯ ಮಸೀದಿಗಳ ಹಾಗೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೇ ಮಾಳಿಗೆ. ಕಮಾನಿನ ಹಿಂದೆ ಕಮಾನು. ಹೊರಗಿನ ಬೆಳಕು ಅಂಚಿನಲ್ಲಿ ಒಳಗೆ ಬಂದು, ಮುಂದೆ ಮುಂದೆ ಹೋದಂತೆ ಸೋತು ಕರಗುತ್ತದೆ. ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು ಇಲ್ಲಿಗೆ ಬಂದಿದ್ದರೆ ಏನು ಮಾಡುತ್ತಿದ್ದರೋ! ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕ್ಯಾಮೆರಾ ಕಲಿತು, ೧೯೫೯ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕನ್ನಡಿ ಹಿಡಿದು ಬಿಸಿಲನ್ನೇ ಸ್ಟುಡಿಯೋದೊಳಗೆ ಕಂಬವಾಗಿ ಇಳಿಸಿದವರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಆ ಬೆಳಕಿನ ಕೆಳಗೆ ಹತ್ತು ನಿಮಿಷ ಕೂತೆ. ನಿಜ ಹೇಳಬೇಕೆಂದರೆ ಕೂರಲಾಗಲಿಲ್ಲ, ಎದ್ದು ಆಟೋ ಹಿಡಿದೆ.

ಹಗ್ಗದ ಮೇಲೆ ಏಳು ಚೌಕ. ಮೊದಲ ನಾಲ್ಕು ಬೂದಿ ಬಳಿದಂತೆ, ಯಾರೋ ಹುಡುಗರ ಪಾಸ್‌ಪೋರ್ಟ್ ಮುಖ ಅಷ್ಟಿಷ್ಟು. ಐದು, ಆರು ಹೊಲದ ಊಟ. ಏಳನೆಯದನ್ನು ಮೊಮ್ಮಗ ಮೊಬೈಲಿನಲ್ಲಿ ಹಿಡಿದು ಕಪ್ಪನ್ನು ಬಿಳಿ ಮಾಡಿ ತೋರಿಸಿದ. ಕೊಳೆತ ಸ್ಪಂಜಿನ ಸಂದಿಯಿಂದ ಬೆಳಕು ನುಗ್ಗಿ ಒಂದು ಅಂಚು ಸುಟ್ಟಿದೆ. ಫೋಟೋ ಒಂದು ಕಡೆಗೆ ವಾಲಿದೆ. ಕೆಂಪು ಬಾಳೆಯ ಗೊನೆ ಬೂದು ಬಣ್ಣದಲ್ಲಿ ನೇತಾಡುತ್ತಿದೆ. ಅದರ ಪಕ್ಕದಲ್ಲಿ, ಪಟಗ ಸುತ್ತಿಕೊಂಡು, ಬಲಗೈಯಿಂದ 'ಈ ಕಡೆ, ಈ ಕಡೆ' ಎಂದು ಸನ್ನೆ ಮಾಡುತ್ತ ನಗುತ್ತಿರುವ ಭಾವ! ಎಡ ಬಲ ತಿಳಿಯದೆ ಅಕ್ಕ ಕ್ಯಾಮೆರಾವನ್ನು ಉಲ್ಟಾ ತಿರುಗಿಸುತ್ತಿದ್ದಾಳೆ, ಅವರು ದಾರಿ ತೋರಿಸುತ್ತಿದ್ದಾರೆ.

ಚಾಚಾ ಹಣ ಕಡಿಮೆಯೇ ತೆಗೆದುಕೊಂಡರು. ಕಳಿಸುವಾಗ, "ಆ ಎಣ್ಣಿ ಹಾಕಿದ್ದು ಅವರ ಯಜಮಾನರಾ ಇರಬೇಕು. ಹಾಕಿದ ಮ್ಯಾಲ ಅವರಿಗೆ ಗೊತ್ತಾಗಿರತದ. ತಾಯಿಗೆ ಹೇಳೂದು ಬಿಡೂದು ನಿಮ್ಮ ಮ್ಯಾಲ" ಅಂದರು.

ಕಮಲಾಪುರದ ಬಸ್ಸಿನಲ್ಲಿ ಒಂದು ಗಂಟೆ ಅದನ್ನೇ ಯೋಚಿಸಿದೆ. ತೀರಿಕೊಂಡವರ ಮೇಲೆ ಚಾಡಿ ಹೇಳುವುದೇ? ಹೇಳದಿದ್ದರೆ ಅಕ್ಕನ ಮನಸ್ಸಿನ ಮೇಲಿನ ಭಾರ ಹಾಗೇ ಉಳಿಯುತ್ತದಲ್ಲ? ಮಹಾಗಾಂವ್ ಕ್ರಾಸಿನಲ್ಲಿ ಹೇಳಬಾರದು ಅಂದುಕೊಂಡೆ. ಕಮಲಾಪುರದಲ್ಲಿ ಇಳಿದು ಅವಳ ಮುಖ ನೋಡಿದ ಕೂಡಲೇ ಹೇಳಿಬಿಟ್ಟೆ: "ಅಕ್ಕಾ, ನಿನ್ನ ಕೈಯಿಂದ ಏನೂ ಕೆಟ್ಟಿಲ್ಲ. ಭಾವನೇ ಒಳಗೆ ಹೊಲಿಗೆ ಮಿಷನ್ನಿನ ಎಣ್ಣೆ ಹಾಕಿದ್ದರು."

ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

"ದೀಪಾವಳಿ ಮುಂದ ನನ್ನ ಮಿಷನ್ ಎಣ್ಣಿ ಡಬ್ಬಿ ಕಾಣವಲ್ದಾಗಿತ್ತು! ಎಲ್ಲಾ ಕಡಿ ಹುಡುಕೀನಿ. ಕೇಳಿದ್ರ 'ನಂಗೇನ ಗೊತ್ತು' ಅಂದ್ರು. ಎಂಥಾ ಕಳ್ಳ ನೋಡು ತಮ್ಮಾ!" ಎಂದು ನಗಲಿಕ್ಕೆ ಹತ್ತಿದಳು. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿದಷ್ಟೂ ಬಂತು.

ಆಮೇಲೆ ನೆಗೆಟಿವ್ ಪಟ್ಟಿಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಏಳನೆಯದನ್ನು ಎಷ್ಟೋ ಹೊತ್ತು ನೋಡಿದಳು. ಅದರ ಪಕ್ಕದ್ದು ಖಾಲಿ, ಮಸುಕು ಗಾಜಿನ ಹಾಗೆ. ಅಲ್ಲಿ ಬೆರಳಿಟ್ಟು, "ಇಲ್ಲಿ ನಾವಿಬ್ಬರೂ ಇರಬೇಕಾಗಿತ್ತು" ಅಂದಳು.

ಸಂಜೆ ತೋಟಕ್ಕೆ ಹೋದೆವು. ಹೊಸ ರೋಲು ನಾನು ತಂದಿದ್ದೆ. ಅಕ್ಕನನ್ನು ಬಾಳೆಯ ಪಕ್ಕ ನಿಲ್ಲಿಸಿ ತೆಗೆಯೋಣ ಎಂದರೆ ಅವಳು ಕೇಳಬೇಕಲ್ಲ! ಕ್ಯಾಮೆರಾ ಕಸಿದುಕೊಂಡು ಹೊಟ್ಟೆಗೆ ಒತ್ತಿ ಹಿಡಿದು, "ನೀ ನಿಂದರು" ಅಂದಳು. ಎಡಕ್ಕೆ ತಿರುಗಿಸು ಎಂದರೆ ಬಲಕ್ಕೆ ತಿರುಗಿಸಿದಳು. ನಾನೂ ಕೈಸನ್ನೆ ಮಾಡಿದೆ. 'ಟಿಕ್' ಎಂದಿತು. ಹ್ಯಾಂಡಲ್ ತಿರುಗಿತು, ಹಿಂದಕ್ಕೂ ಬಂತು.

ಪ್ರಿಂಟು ಮೊನ್ನೆ ಕೈಗೆ ಬಂದಿದೆ. ಬಾಳೆ ಗೊನೆ ಪೂರ್ತಿ ಬಂದಿದೆ. ನನ್ನ ತಲೆ ಮಾತ್ರ ಹುಬ್ಬಿನಿಂದ ಮೇಲಕ್ಕೆ ಇಲ್ಲ.